583 ಅಂದ್ರೆ ಬಳ್ಳಾರಿ, ಹಾಗಾದ್ರೆ ಹರಪನಹಳ್ಳಿ ಎಲ್ಲಿದೆ?

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಇವತ್ತು ಬರೆಯೋಕೆ ಕಾರಣ ಸಿಟ್ಟು. ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಚಹಾ ಇಟ್ಕೊಂಡು ಓದಿ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಪಿನ್‌ಕೋಡ್ ಕೇಳುವ ಯಾವುದಾದರೂ ಫಾರಂ ತೆಗೆದು 583131 ಅಂತ ಹಾಕಿ. ಅದು ಹರಪನಹಳ್ಳಿ. ನಾನು ನೋಡಿದ ಫಾರಂಗಳಲ್ಲಿ ಹೆಚ್ಚಿನವು ಜಿಲ್ಲೆಯ ಜಾಗದಲ್ಲಿ ತಾವಾಗಿಯೇ ‘ಬಳ್ಳಾರಿ’ ಅಂತ ತುಂಬಿಕೊಂಡವು, ಒಂದೆರಡು ‘ದಾವಣಗೆರೆ’ ಅಂದವು. ಅದೇ ಊರಿನ ಪಹಣಿ ತೆಗೆದರೆ ಜಿಲ್ಲೆ ವಿಜಯನಗರ. 2011ರ ಜನಗಣತಿ ಪುಸ್ತಕ ತೆಗೆದರೆ ದಾವಣಗೆರೆ. ಲೋಕಸಭೆಗೆ ವೋಟು ಹಾಕೋದು ಇವತ್ತಿಗೂ ದಾವಣಗೆರೆ ಕ್ಷೇತ್ರಕ್ಕೆ. ಲ್ಯಾಂಡ್‌ಲೈನ್ ಕೋಡ್ 08398, ಅದು ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಸಾಲಿನದ್ದು. ದಾವಣಗೆರೆ ಕಾಲದಲ್ಲಿ ನೋಂದಣಿಯಾದ ಗಾಡಿಗಳ ಮೇಲೆ ಕೆಎ 17. ಇಷ್ಟೆಲ್ಲಾ ಆದರೂ ಊರು ಮಾತ್ರ ಇದ್ದ ಜಾಗದಿಂದ ಒಂದಿಂಚೂ ಕದಲಿಲ್ಲ ನೋಡಿ.

ಇತಿಹಾಸ ಗೊತ್ತಿಲ್ಲದವರಿಗೆ ಎರಡೇ ಸಾಲು. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾದಾಗ ಅಲ್ಲಿಗೆ ಹೋಯಿತು. ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ಬಂದಾಗ ಅದು ಜಿಲ್ಲೆಗಳ ಲೆಕ್ಕದಲ್ಲಿ ಬಂತು, ಬಳ್ಳಾರಿಗೆ ಸಿಕ್ಕಿತು, ದಾವಣಗೆರೆಯಲ್ಲಿದ್ದ ಹರಪನಹಳ್ಳಿಗೆ ಸಿಗಲಿಲ್ಲ. ಹೋರಾಟ ಆಗಿ 2018ರಲ್ಲಿ ತಾಲೂಕು ಮತ್ತೆ ಬಳ್ಳಾರಿಗೆ ಬಂತು. 2021ರ ಫೆಬ್ರುವರಿ 8ರ ಅಧಿಸೂಚನೆಯಲ್ಲಿ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಜೊತೆ ಸೇರಿ ವಿಜಯನಗರ ಜಿಲ್ಲೆ ಆಯಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಮೂರು ಸಲ ಜಿಲ್ಲೆ ಬದಲಾವಣೆ. ಕೊಟ್ಟೂರಿನದು ಇನ್ನೊಂದು ಕತೆ, ಆಮೇಲೆ ಬರ್ತೀನಿ.

ಗಡಿ ಬದಲಾಗಬಾರದು ಅಂತ ನಾನು ಹೇಳ್ತಿಲ್ಲ. ಜನ ಕೇಳಿದರು, ಬದಲಾಯಿತು, ಒಳ್ಳೇದೇ. ನನ್ನ ತಕರಾರು ಬೇರೆ. ನಮ್ಮ ಈ ಐದು ತಾಲೂಕಿನಲ್ಲಿ ಎಲ್ಲಿ ಬ್ಯಾಂಕ್ ಶಾಖೆ ಬೇಕು, ಎಲ್ಲಿ ಮೊಬೈಲ್ ಟವರ್ ಬೇಕು, ಯಾವ ಊರಿಗೆ ಬಸ್ಸು, ಎಲ್ಲಿ ಆಸ್ಪತ್ರೆ, ಯಾವ ವರ್ಷ ಬರ ಅಂತ ತೀರ್ಮಾನ ಮಾಡೋರು ಇವತ್ತು ಇಲ್ಲಿಗೆ ಬಂದು ನೋಡಿ ಮಾಡೋದು ಕಡಿಮೆ. ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಮೇಲೆ ಅಂಕಿ ಹಾಸಿ ನೋಡ್ತಾರೆ. ಹಾಸುವ ಅಂಕಿ ಜಿಲ್ಲೆಯದು, ಪಿನ್‌ಕೋಡಿನದು, ಇಲ್ಲಾ ಕಂದಾಯ ಗ್ರಾಮದ್ದು. ಈ ಮೂರೂ ನಮ್ಮ ಕಡೆಯ ಬದುಕಿಗೆ ಹೊಂದೋದಿಲ್ಲ. ಅಳತೆ ಸರಿ ಇಲ್ಲದ ಅಂಗಿ ಹೊಲಿದು ತಂದು ‘ನಿನ್ನ ಮೈಯೇ ಸರಿ ಇಲ್ಲ’ ಅಂದ ಹಾಗೆ ಆಗಿದೆ ನಮ್ಮ ಪಾಡು.

ಮೊದಲು ಪಿನ್‌ಕೋಡ್. 1972ರ ಆಗಸ್ಟ್ 15ರಂದು ಇದು ಶುರುವಾಗಿದ್ದು ಕಾಗದ ವಿಂಗಡಿಸೋದಕ್ಕೆ. ಮೊದಲ ಮೂರು ಅಂಕಿ ಕಾಗದ ಯಾವ ವಿಂಗಡಣಾ ಜಿಲ್ಲೆಗೆ ಹೋಗಬೇಕು ಅಂತ ಹೇಳುತ್ತೆ, ಕೊನೆಯ ಮೂರು ಅಂಕಿ ಯಾವ ಅಂಚೆ ಕಚೇರಿ ಅಂತ. 583 ಅನ್ನೋದು ಬಳ್ಳಾರಿ ಸಾಲು. ಕೊಟ್ಟೂರು 583134, ಕೂಡ್ಲಿಗಿ 583135, ಹಗರಿಬೊಮ್ಮನಹಳ್ಳಿ 583212, ಹಡಗಲಿ 583219. ಹರಪನಹಳ್ಳಿ ದಾವಣಗೆರೆಗೆ ಹೋದಾಗ 577ಕ್ಕೆ ಬದಲಾಗಲಿಲ್ಲ, ವಿಜಯನಗರಕ್ಕೆ ಬಂದಾಗಲೂ ಬದಲಾಗಲಿಲ್ಲ. ಅಂಚೆಯವರ ತಪ್ಪೇನೂ ಇಲ್ಲ. ಅವರ ಕೆಲಸ ಕಾಗದ ಮುಟ್ಟಿಸೋದು, ಅದು ಮುಟ್ಟುತ್ತೆ. ತಪ್ಪು ಯಾರದ್ದು ಅಂದ್ರೆ, ಕಾಗದ ವಿಂಗಡಿಸುವ ಈ ನಂಬರನ್ನು ಎತ್ತಿಕೊಂಡು ಹೋಗಿ ಇದೇ ಜನಸಂಖ್ಯೆ, ಇದೇ ಮಾರುಕಟ್ಟೆ, ಇದೇ ಆದಾಯ, ಇದೇ ಸಾಲ ತೀರಿಸುವ ಯೋಗ್ಯತೆ ಅಂತ ಓದುವವರದ್ದು. ಒಂದು ಪಿನ್‌ಕೋಡಿನ ಕೆಳಗೆ ಒಂದು ಪಟ್ಟಣ ಮತ್ತು ಅದರ ಸುತ್ತಲಿನ ಎಷ್ಟೋ ಹಳ್ಳಿ ಬರುತ್ತವೆ. ಬಸ್‌ಸ್ಟ್ಯಾಂಡ್ ಪಕ್ಕದ ಮನೆಗೂ ಇಪ್ಪತ್ತು ಕಿಲೋಮೀಟರ್ ಒಳಗಿನ ಊರಿಗೂ ಒಂದೇ ನಂಬರ್ ಇರಬಹುದು. ಪಟ್ಟಣದವನು ಸಾಮಾನು ತರಿಸಬಹುದು ಅಂತ ತೋರಿಸಿದರೆ ಹಳ್ಳಿಯವನಿಗೂ ತೋರಿಸುತ್ತೆ, ದುಡ್ಡು ತಗೊಳ್ಳುತ್ತೆ, ನಾಲ್ಕು ದಿನ ಬಿಟ್ಟು ಫೋನ್ ಬರುತ್ತೆ, ‘ಸರ್, ಟೌನಿಗೆ ಬಂದು ತಗೊಂಡು ಹೋಗ್ತೀರಾ?’ ಅಂತ. ಸಾಲ ಕೊಡುವ ಕೆಲವರು ‘ನೆಗೆಟಿವ್ ಏರಿಯಾ’ ಅಂತ ಪಟ್ಟಿ ಇಟ್ಟುಕೊಂಡಿರುತ್ತಾರೆ, ಅದು ಪಿನ್‌ಕೋಡಿನ ಮೇಲೆ ಇದ್ದರಂತೂ ಒಬ್ಬ ಕಂತು ಕಟ್ಟಲಿಲ್ಲ ಅಂತ ಮೂವತ್ತು ಊರಿಗೆ ಶಿಕ್ಷೆ.

ಅಂಚೆ ಇಲಾಖೆ 2025ರ ಮೇ 27ರಂದು ಡಿಜಿಪಿನ್ ಅಂತ ಹೊರಗೆ ತಂದಿದೆ. ದೇಶವನ್ನೆಲ್ಲ ಸುಮಾರು 4 ಮೀಟರ್ ಉದ್ದ 4 ಮೀಟರ್ ಅಗಲದ ಚೌಕಗಳಾಗಿ ಮಾಡಿ ಒಂದೊಂದಕ್ಕೂ ಹತ್ತು ಅಕ್ಷರದ ಗುರುತು. ಒಳ್ಳೇ ಕೆಲಸ. ಆಂಬುಲೆನ್ಸಿಗೆ ದಾರಿ ತೋರಿಸೋಕೆ ಉಪಯೋಗ ಆಗುತ್ತೆ. ಆದರೆ ಆ ಚೌಕದಲ್ಲಿ ಜನ ಇದ್ದಾರೋ, ಎಷ್ಟಿದ್ದಾರೆ, ಅವರನ್ನು ಯಾವ ಊರಿನವರು ಅಂತ ಸರ್ಕಾರ ಲೆಕ್ಕ ಹಾಕುತ್ತೆ, ಅದೆಲ್ಲಾ ಡಿಜಿಪಿನ್‌ನಿಂದ ಗೊತ್ತಾಗೋದಿಲ್ಲ. ಚೌಕ ಇದೆ, ಚೌಕಕ್ಕೆ ಕಟ್ಟಬೇಕಾದ ಲೆಕ್ಕ ಇಲ್ಲ.

ಈಗ ಜಿಲ್ಲೆಗೆ ಬರೋಣ. ಜಿಲ್ಲಾ ಸರಾಸರಿ ಅನ್ನೋದು ನಮ್ಮ ಪಶ್ಚಿಮ ತಾಲೂಕುಗಳಿಗೆ ಮಾಡಿದಷ್ಟು ಮೋಸ ಬೇರೆ ಯಾವುದೂ ಮಾಡಿಲ್ಲ. ಬಳ್ಳಾರಿ ಜಿಲ್ಲೆ ಅಂದಾಕ್ಷಣ ಬೆಂಗಳೂರಿನವರ ಕಣ್ಣ ಮುಂದೆ ಬರೋದು ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ತುಂಗಭದ್ರಾ ಕಾಲುವೆ ಕೆಳಗಿನ ಭತ್ತದ ಗದ್ದೆ. ಆ ಅದಿರಿನ ದುಡ್ಡು, ಆ ಉಕ್ಕಿನ ದುಡ್ಡು ಜಿಲ್ಲೆಯ ತಲಾ ಆದಾಯಕ್ಕೆ ಸೇರುತ್ತೆ. ಸೇರಿದ ಮೇಲೆ ಗುಡೇಕೋಟೆ ಕಡೆ ಶೇಂಗಾ ಬಿತ್ತಿ ಮೋಡ ನೋಡುತ್ತಾ ಕೂತವನೂ ಕಾಗದದ ಮೇಲೆ ಅನುಕೂಲಸ್ಥ ಆಗಿಬಿಡ್ತಾನೆ. ಉದಾಹರಣೆಗೆ ಒಂದು ಲೆಕ್ಕ (ಇದು ಬರೀ ಉದಾಹರಣೆ): ನೂರು ಮನೆಗೆ ವರ್ಷಕ್ಕೆ ತಲಾ ಐದು ಲಕ್ಷ, ಇನ್ನೊಂದು ನೂರು ಮನೆಗೆ ತಲಾ ಒಂದು ಲಕ್ಷ. ಸರಾಸರಿ ಮೂರು ಲಕ್ಷ. ಇನ್ನೂರು ಮನೆಯಲ್ಲಿ ಮೂರು ಲಕ್ಷದ ಮನೆ ಒಂದೂ ಇಲ್ಲ. ಆದರೆ ಯೋಜನೆ ಮಾಡೋದು ಆ ಇಲ್ಲದ ಮನೆಗೆ.

ಇದನ್ನು ಮೊದಲೇ ಕಂಡವರು ಡಾ. ಡಿ.ಎಂ. ನಂಜುಂಡಪ್ಪ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಕೊಟ್ಟ ವರದಿಯಲ್ಲಿ ಅವರ ಸಮಿತಿ ಜಿಲ್ಲೆ ಬಿಟ್ಟು ತಾಲೂಕನ್ನೇ ಘಟಕ ಮಾಡಿಕೊಂಡಿತು. 35 ಸೂಚಕ ಹಿಡಿದು ಆಗಿನ 175 ತಾಲೂಕು ಅಳೆದು 114 ಹಿಂದುಳಿದವು ಅಂದರು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಶ್ರೀಮಂತ ಅನ್ನಿಸಿಕೊಂಡ ಬಳ್ಳಾರಿ ಜಿಲ್ಲೆಯೊಳಗೆ ಅತ್ಯಂತ ಹಿಂದುಳಿದ ಪಟ್ಟಿಗೆ ಬಂದದ್ದು ಯಾವುವು ಗೊತ್ತಾ? ಕೂಡ್ಲಿಗಿ ಮತ್ತು ಸಂಡೂರು. ಹೌದು, ಅದಿರು ಇರುವ ಸಂಡೂರೇ. ದಾವಣಗೆರೆ ಜಿಲ್ಲೆಯಿಂದ ಚನ್ನಗಿರಿ ಜೊತೆ ಹರಪನಹಳ್ಳಿ. ತಮಾಷೆ ಏನಂದ್ರೆ, ದಾವಣಗೆರೆ ಜಿಲ್ಲೆ ಬೆಂಗಳೂರು ವಿಭಾಗಕ್ಕೆ ಸೇರಿದ್ದರಿಂದ ಆ ವರದಿಯಲ್ಲಿ ಹರಪನಹಳ್ಳಿ ದಕ್ಷಿಣ ಕರ್ನಾಟಕದ ಲೆಕ್ಕಕ್ಕೆ ಬಂತು! ಪಕ್ಕದ ಕೂಡ್ಲಿಗಿ ಉತ್ತರ, ಹರಪನಹಳ್ಳಿ ದಕ್ಷಿಣ. ನಡುವೆ ಇರೋದು ಒಂದು ಡಾಂಬರು ರಸ್ತೆ, ಎರಡೂ ಕಡೆ ಅದೇ ಜೋಳ, ಅದೇ ಜಾಲಿ.

ನಂಜುಂಡಪ್ಪನವರು ಜಿಲ್ಲೆಯ ಸುಳ್ಳನ್ನು ಬಿಡಿಸಿದರು, ನಿಜ. ಆದರೆ ಆ ಪಟ್ಟಿಯನ್ನು ಅಲ್ಲಿಂದ ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಲ್ಲಿನ ಶಾಸನದ ಹಾಗೆ ಇಟ್ಟುಕೊಂಡರಲ್ಲ, ಅದು ನಮ್ಮ ಸರ್ಕಾರಗಳ ಸೋಮಾರಿತನ. ಪ್ರೊ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ಮಾಡಿದ್ದು 2024ರಲ್ಲಿ. ಅಷ್ಟರಲ್ಲಿ ತಾಲೂಕುಗಳೇ ಬೇರೆ ಆಗಿದ್ದವು.

ಅದೇ ಕೊಟ್ಟೂರಿನ ಕತೆ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲೂಕುಗಳ ಪೈಕಿ ಕೊಟ್ಟೂರೂ ಒಂದು. ಕೂಡ್ಲಿಗಿಯಿಂದ ಕೊಟ್ಟೂರು ಹೋಬಳಿ, ಹಗರಿಬೊಮ್ಮನಹಳ್ಳಿಯಿಂದ ಕೋಗಳಿ ಕಡೆಯ ಹಳ್ಳಿಗಳು ಸೇರಿ ತಾಲೂಕಾಯಿತು. ಹಾಗಾಗಿ 2011ರ ಜನಗಣತಿಯಲ್ಲಿ ಕೊಟ್ಟೂರು ತಾಲೂಕು ಅನ್ನೋದೇ ಇಲ್ಲ. ಹಳೇ ಕೂಡ್ಲಿಗಿ ಲೆಕ್ಕದಿಂದ ಸುಮ್ಮನೆ ಕಳೆದು ತೆಗೆಯೋಣ ಅಂದ್ರೂ ಬರೋದಿಲ್ಲ, ಎರಡು ತಾಲೂಕಿನಿಂದ ಹಳ್ಳಿ ಹಳ್ಳಿ ಆರಿಸಿ ಕೂಡಿಸಬೇಕು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಮುಂದಿನದಕ್ಕೆ ಉಲ್ಲೇಖ ದಿನ 2027ರ ಮಾರ್ಚ್ 1 ಅಂತ 2025ರ ಜೂನ್ 16ರಂದು ಅಧಿಸೂಚನೆ ಬಂತು. ಅಂದ್ರೆ ಸುಮಾರು ಹತ್ತು ವರ್ಷ ಒಂದು ತಾಲೂಕು ತಹಶೀಲ್ದಾರ್ ಇಟ್ಟುಕೊಂಡು, ಬೋರ್ಡು ಹಾಕಿಕೊಂಡು, ಜನಗಣತಿಯ ಅಂಕಿ ಇಲ್ಲದೆ ಬದುಕಿದೆ.

ಇದರ ಪರಿಣಾಮ ಕಚೇರಿಯೊಳಗೆ ಮಾತ್ರ ಇರೋದಲ್ಲ. ಪರಿಚಯದ ಅಂಗಡಿಯವರೊಬ್ಬರು ಕೊಟ್ಟೂರಿನಲ್ಲಿ ಒಂದು ಕಂಪನಿಯ ಡೀಲರ್‌ಶಿಪ್ ಕೇಳಿದರು. ಬಂದ ಹುಡುಗ ಲ್ಯಾಪ್‌ಟಾಪ್ ತೆಗೆದು ನೋಡಿ, ‘ಅಣ್ಣಾ, ನಮ್ ಲಿಸ್ಟಲ್ಲಿ ಕೊಟ್ಟೂರು ತಾಲೂಕು ಅಂತ ಬರ್ತಾ ಇಲ್ಲ. ಕೂಡ್ಲಿಗಿ ಡೀಲರೇ ಇದನ್ನೂ ಕವರ್ ಮಾಡ್ತಾರೆ’ ಅಂದನಂತೆ. ‘ಅಲ್ಲಪ್ಪಾ, ಹೊರಗೆ ಬಂದು ಸಂತೆ ನೋಡು, ಎಪಿಎಂಸಿ ನೋಡು’ ಅಂದ್ರೆ, ‘ನೀವು ಹೇಳೋದು ನಿಜ ಅಣ್ಣಾ, ಆದ್ರೆ ಸಿಸ್ಟಂ ತಗೊಳಲ್ಲ’ ಅಂತ ಉತ್ತರ. ಪಾಪ ಹುಡುಗನ ಮೇಲೆ ಸಿಟ್ಟಿಲ್ಲ. ಆದರೆ ಕಣ್ಣೆದುರಿಗೆ ಇರುವ ಊರನ್ನು ಬಿಟ್ಟು ಪರದೆ ಮೇಲೆ ಇಲ್ಲದ ಊರನ್ನು ನಂಬುವ ಈ ಪದ್ಧತಿಗೆ ‘ವೈಜ್ಞಾನಿಕ’ ಅಂತ ಹೆಸರು ಬೇರೆ.

‘ಲಾಭ ಇಲ್ಲದ ಕಡೆ ವ್ಯಾಪಾರಿ ಯಾಕೆ ಬರಬೇಕು ಸ್ವಾಮಿ?’ ಅಂತ ಕೆಲವರು ಕೇಳ್ತಾರೆ. ಬರಬೇಕಿಲ್ಲ. ಆದರೆ ಲಾಭ ಇಲ್ಲ ಅಂತ ಹೇಗೆ ಗೊತ್ತಾಯ್ತು? ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ, ಎಲ್ಲೆಲ್ಲಿಂದಲೋ ನಡೆದುಕೊಂಡು ಬರುವ ಜನ, ಭರತ ಹುಣ್ಣಿಮೆ ಹೊತ್ತಿಗೆ ಹಡಗಲಿ ತಾಲೂಕಿನ ಮೈಲಾರದಲ್ಲಿ ಕಾರ್ಣಿಕ ಕೇಳೋಕೆ ಸೇರುವ ಜನ, ಇವರು ಯಾವ ಪಿನ್‌ಕೋಡಿನ ಲೆಕ್ಕದಲ್ಲಿದ್ದಾರೆ? ಜಾತ್ರೆಗೆ ಹೋಗಿ ಮಗುವನ್ನೋ ಮುದುಕಿಯನ್ನೋ ಕಳಕೊಂಡು ಫೋನ್ ಹಚ್ಚೋಕೆ ನೋಡಿ, ಆಗ ಗೊತ್ತಾಗುತ್ತೆ, ಟವರ್ ಹಾಕಿದವರು ಮೈಲಾರದಲ್ಲಿ ವರ್ಷವೆಲ್ಲಾ ಇರೋ ಮನೆಗಳನ್ನು ಮಾತ್ರ ಎಣಿಸಿದ್ದರು ಅಂತ.

ಇದೆಲ್ಲಕ್ಕಿಂತ ದೊಡ್ಡದು ತಾಂಡಾ ಮತ್ತು ಹಟ್ಟಿಗಳ ವಿಷಯ. ನಾನು ಈ ಲೇಖನ ಬರೆಯಲು ಕೂತದ್ದೇ ಅದಕ್ಕೆ.

ನಮ್ಮ ನಕ್ಷೆಗಳಲ್ಲಿ ಊರು ಅಂದ್ರೆ ಕಂದಾಯ ಗ್ರಾಮ. ಅದಕ್ಕೆ ಸರ್ವೆ ನಂಬರು, ಗಡಿ, ಒಂದು ಕೋಡು ಇರುತ್ತೆ. ಜನಗಣತಿಯ ಅಂಕಿ ಆ ಕೋಡಿಗೆ ಕಟ್ಟಿರುತ್ತೆ. ಈಗ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡೆ ಓಡಾಡಿದವರಿಗೆ ಗೊತ್ತು, ಎಷ್ಟು ಲಂಬಾಣಿ ತಾಂಡಾ, ಎಷ್ಟು ಗೊಲ್ಲರಹಟ್ಟಿ ಇವೆ ಅಂತ. ಮೂಲ ಊರಿನಿಂದ ಎರಡು ಮೂರು ಕಿಲೋಮೀಟರ್ ಆಚೆ, ಗುಡ್ಡದ ಬುಡದಲ್ಲಿ, ಸರ್ಕಾರಿ ಜಾಗದಲ್ಲೋ ಯಾರದೋ ಹೊಲದಲ್ಲೋ ತಲೆಮಾರುಗಳಿಂದ ಇದ್ದಾರೆ. ದಾಖಲೆಯಲ್ಲಿ ಅವು ಊರೇ ಅಲ್ಲ, ‘ದಾಖಲೆರಹಿತ ಜನವಸತಿ’. ಅಲ್ಲಿಯ ಜನರನ್ನು ಮೂಲ ಊರಿನ ಜನಸಂಖ್ಯೆಗೆ ಸೇರಿಸಿಬಿಡ್ತಾರೆ. ನಕ್ಷೆಯಲ್ಲಿ ಆ ಊರಿಗೆ ಒಂದು ಚುಕ್ಕೆ ಇಡ್ತಾರೆ. ಆ ಚುಕ್ಕೆಯಿಂದ ಅಂಗನವಾಡಿಗೆ ಇಷ್ಟು ದೂರ, ಶಾಲೆಗೆ ಇಷ್ಟು ದೂರ, ನ್ಯಾಯಬೆಲೆ ಅಂಗಡಿಗೆ ಇಷ್ಟು ದೂರ, ಎಲ್ಲಾ ಒಂದು ಕಿಲೋಮೀಟರ್ ಒಳಗೆ, ಹಸಿರು ಬಣ್ಣ. ತಾಂಡಾದ ಹೆಣ್ಣುಮಗಳು ಅಕ್ಕಿ ಹೊತ್ತುಕೊಂಡು ಮೂರು ಕಿಲೋಮೀಟರ್ ನಡೆಯೋದು ಆ ಹಸಿರು ಬಣ್ಣದ ಒಳಗೇ.

ಇನ್ನೊಂದು ಇದೆ. ನಮ್ಮ ತಾಂಡಾಗಳಿಂದ ದೀಪಾವಳಿ ಮುಗಿಸಿಕೊಂಡು ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗೋರು ಬಹಳ. ವಾಪಸ್ ಬರೋದು ಯುಗಾದಿ ಹೊತ್ತಿಗೆ. ಜನಗಣತಿಯವರು ತಲೆ ಎಣಿಸೋದು ಯಾವಾಗ? ಕಳೆದ ಸಲ 2011ರ ಫೆಬ್ರುವರಿ 9ರಿಂದ 28. ಎಣಿಕೆ ನಡೆಯುವ ಅಷ್ಟೂ ದಿನ ಊರಲ್ಲಿ ಇಲ್ಲದವರನ್ನು ಊರಲ್ಲಿ ಬರೆಯಬಾರದು, ಎಲ್ಲಿ ಸಿಕ್ಕರೋ ಅಲ್ಲಿ ಬರೆಯಬೇಕು ಅನ್ನೋದು ನಿಯಮ. ಅಂದ್ರೆ ತಾಂಡಾ ಅರ್ಧ ಖಾಲಿ ಇರುವಾಗ ಹೋಗಿ ಎಣಿಸಿ, ಬಂದ ಅಂಕಿಯನ್ನು ಬೇರೆ ಊರಿನ ಹೆಸರಿಗೆ ಹಾಕಿ, ಹದಿನೈದು ವರ್ಷ ಅದೇ ಅಂಕಿಯಿಂದ ಯೋಜನೆ ಮಾಡಿದರೆ ಏನಾಗಬೇಕೋ ಅದೇ ಆಗಿದೆ. ಮುಂದಿನ ಎಣಿಕೆಯ ಉಲ್ಲೇಖ ದಿನವೂ ಮಾರ್ಚ್ 1ಕ್ಕೇ ಬಿದ್ದಿದೆ ನೋಡಿ.

ಸರ್ಕಾರಕ್ಕೆ ಗೊತ್ತಿಲ್ಲ ಅನ್ನೋ ಹಾಗಿಲ್ಲ. ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ‘ವಾಸಿಸುವವನೇ ಮನೆಯೊಡೆಯ’ ಅಂತ ಹೇಳಿ, ಇಂಥ ಜನವಸತಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಶುರು ಮಾಡಿ ಎಷ್ಟೋ ವರ್ಷ ಆಯಿತು. 2025ರ ಮೇ 20ರಂದು ನಮ್ಮ ಹೊಸಪೇಟೆಯಲ್ಲೇ ದೊಡ್ಡ ಸಮಾವೇಶ ಮಾಡಿ 1,11,111 ಹಕ್ಕುಪತ್ರ ಕೊಡ್ತೀವಿ ಅಂದರು. ಆ ಸಂಖ್ಯೆ ನೋಡಿ ನನಗೆ ಸ್ವಲ್ಪ ನಗು ಬಂತು (ಮದುವೆ ಮುಯ್ಯಿ ಬರೆದ ಹಾಗೆ ಕೊನೆಗೊಂದು ಒಂದು!) ಆದರೆ ಕೆಲಸ ಒಳ್ಳೇದು, ಅದನ್ನು ಅಲ್ಲಗಳೆಯಲ್ಲ. ನನ್ನ ಪ್ರಶ್ನೆ ಇಷ್ಟೇ. ಹಕ್ಕುಪತ್ರ ಕೊಡಬೇಕಾದರೆ ಆ ತಾಂಡಾಗಳನ್ನು ಅಳೆದಿರಬೇಕು, ಮನೆ ಎಣಿಸಿರಬೇಕು, ಗಡಿ ಗುರುತಿಸಿರಬೇಕು. ಆ ನಕ್ಷೆ, ಆ ಪಟ್ಟಿ ಎಲ್ಲಿ? ಸಾರ್ವಜನಿಕರು ಇಳಿಸಿಕೊಳ್ಳುವ ಹಾಗೆ, ಬಸ್ ಡಿಪೋದವನು, ಬ್ಯಾಂಕಿನವನು, ಟವರಿನವನು ತನ್ನ ನಕ್ಷೆಗೆ ಸೇರಿಸಿಕೊಳ್ಳುವ ಹಾಗೆ ಯಾಕೆ ಒಂದೇ ಕಡೆ ಇಟ್ಟಿಲ್ಲ?

ಆಗೋದಿಲ್ಲ ಅನ್ನಬೇಡಿ, ಒಂದು ಕಡೆ ಆಗಿದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾದಾಗ ಕಂದಾಯ ಗ್ರಾಮವನ್ನು ಬಿಟ್ಟು ಜನವಸತಿಯನ್ನೇ ಘಟಕ ಮಾಡಿಕೊಂಡಿತು. ಬಯಲು ಸೀಮೆಯಲ್ಲಿ 500 ಜನ ಇರುವ ಜನವಸತಿಗೆ ರಸ್ತೆ ಅಂತ ಲೆಕ್ಕ. ಅದಕ್ಕೋಸ್ಕರ ಸಂಗ್ರಹಿಸಿದ ನಕ್ಷೆಯ ಮಾಹಿತಿ ಪೂರ್ತಿ 2022ರ ಫೆಬ್ರುವರಿಯಲ್ಲಿ ಸಾರ್ವಜನಿಕರಿಗೆ ಬಿಟ್ಟರು: 10 ಲಕ್ಷಕ್ಕೂ ಹೆಚ್ಚು ಜನವಸತಿಗಳು, ಸುಮಾರು 25 ಲಕ್ಷ ಕಿಲೋಮೀಟರ್ ರಸ್ತೆ. ದೇಶ ಮುಳುಗಿ ಹೋಗಲಿಲ್ಲ. ಯಾರ ಖಾಸಗಿತನವೂ ಬೀದಿಗೆ ಬರಲಿಲ್ಲ. ತಾಂಡಾದಲ್ಲಿ ನೂರಿಪ್ಪತ್ತು ಮನೆ ಇವೆ, ಶಾಲೆ ಮೂರು ಕಿಲೋಮೀಟರ್ ಅನ್ನೋದು ಯಾರ ಮನೆಯ ಗುಟ್ಟೂ ಅಲ್ಲ.

ಮಳೆ ವಿಷಯ ಬೇಗ ಹೇಳಿ ಮುಗಿಸ್ತೀನಿ. ಇಲ್ಲಿ ನಮ್ಮ ರಾಜ್ಯ ನಿಜಕ್ಕೂ ಮುಂದಿದೆ, ಹೊಗಳಬೇಕು. 1988ರಲ್ಲಿ ಬರ ನಿಗಾ ಘಟಕ ಅಂತ ಶುರುವಾಗಿದ್ದು ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕ ಇಟ್ಟಿದ್ದಾರೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಹೋಗುತ್ತೆ. ನಮ್ಮ ಕಡೆ ಮಳೆ ಅಂದ್ರೆ ಎತ್ತಿನ ಒಂದು ಕೊಂಬು ತೊಯ್ದು ಇನ್ನೊಂದು ಒಣಗಿರುತ್ತೆ ಅಂತಾರೆ, ಹಾಗಾಗಿ ಇಷ್ಟು ಹತ್ತಿರ ಹತ್ತಿರ ಅಳೆಯೋದು ಬೇಕೇ ಬೇಕು. ಆದರೆ ಬರ ಘೋಷಣೆ ಆಗೋದು ತಾಲೂಕಿನ ಮೇಲೆ. 2023ರ ಸೆಪ್ಟೆಂಬರ್ 13ರಂದು 195 ತಾಲೂಕು ಬರಪೀಡಿತ ಅಂದರು, ಆಮೇಲೆ ಇನ್ನಷ್ಟು ಸೇರಿ 223 ಆಯಿತು. ಹಡಗಲಿ ತಾಲೂಕಿನಲ್ಲಿ ತುಂಗಭದ್ರೆ ದಡದಲ್ಲಿ ಪಂಪ್‌ಸೆಟ್ ಹಚ್ಚಿ ಬೆಳೆ ಉಳಿಸಿಕೊಂಡ ಊರೂ, ಒಳಗಿನ ಒಣ ಊರೂ ಆ ಲೆಕ್ಕದಲ್ಲಿ ಒಂದೇ. ಬೆಳೆ ವಿಮೆಯಲ್ಲಿ ಮುಖ್ಯ ಬೆಳೆಗೆ ಘಟಕ ಗ್ರಾಮ ಪಂಚಾಯಿತಿ, ಪಂಚಾಯಿತಿಗೆ ಕನಿಷ್ಠ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ. ನಿಮ್ಮ ಹೊಲ ಒಣಗಿ ಆ ನಾಲ್ಕು ಹೊಲ ಚೆನ್ನಾಗಿದ್ದರೆ ಮುಗೀತು ಕತೆ. ಅಂಕಿ ಹಳ್ಳಿ ಮಟ್ಟದಲ್ಲಿ ಹುಟ್ಟುತ್ತೆ, ತೀರ್ಮಾನ ಮೇಲೆಲ್ಲೋ ಆಗುತ್ತೆ, ಮಧ್ಯ ನಮ್ಮ ಊರು ಕರಗಿ ಹೋಗುತ್ತೆ.

ನಮ್ಮ ಸೀಮೆಗೆ ಎಣಿಸುವವರು ಹೊಸಬರೇನಲ್ಲ ಅನ್ನೋದೂ ನೆನಪಿರಲಿ. ಸಾವಿರ ವರ್ಷದ ಹಿಂದಿನ ಶಾಸನಗಳಲ್ಲಿ ನೊಳಂಬವಾಡಿ ಮೂವತ್ತೆರಡು ಸಾವಿರ, ಕೋಗಳಿ ಐನೂರು ಅಂತ ಬರುತ್ತೆ. ಆ ಐನೂರು ಊರಿನ ಲೆಕ್ಕವೋ ತೆರಿಗೆಯ ಲೆಕ್ಕವೋ ಅಂತ ವಿದ್ವಾಂಸರು ಇನ್ನೂ ಜಗಳ ಆಡ್ತಾ ಇದ್ದಾರೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಸರಪಳಿ ಹಿಡಿಸಿ ಹೊಲ ಹೊಲ ಅಳೆಸಿದ. ನಮ್ಮ ಉದ್ಧಾರಕ್ಕಲ್ಲ, ಕಂದಾಯಕ್ಕೆ. ಕೈಯಿಂದ ದುಡ್ಡು ತಗೋಬೇಕಾದಾಗ ಹೊಲದ ಬದುವಿನವರೆಗೂ ಲೆಕ್ಕ ಸಿಗುತ್ತೆ, ಕೈಗೆ ಏನಾದರೂ ಕೊಡಬೇಕಾದಾಗ ಮಾತ್ರ ಜಿಲ್ಲೆಯ ಸರಾಸರಿ. ಇವತ್ತಿನ ‘ದಿಶಾಂಕ್’ ಆ್ಯಪ್ ತೆಗೆದು ಹೊಲದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತೆ. ಅಷ್ಟು ಸಣ್ಣ ಮಟ್ಟದ ನಕ್ಷೆ ಸರ್ಕಾರದ ಹತ್ತಿರ ಇದೆ ಅಂತಾಯ್ತಲ್ಲ?

ಇದನ್ನೆಲ್ಲಾ ಹೇಳಿದರೆ ನಮ್ಮ ಕಂಪ್ಯೂಟರ್ ಗೆಳೆಯರು ‘ಡ್ಯಾಶ್‌ಬೋರ್ಡ್ ಬರುತ್ತೆ ಬಿಡು, ಎಲ್ಲಾ ಸರಿ ಹೋಗುತ್ತೆ’ ಅಂತಾರೆ. ನಾನು ಒಪ್ಪಲ್ಲ. ಪ್ರತಿ ಇಲಾಖೆಗೂ ಒಂದು ಡ್ಯಾಶ್‌ಬೋರ್ಡ್ ಈಗಾಗಲೇ ಇದೆ. ಕಂದಾಯದವರ ಹಳ್ಳಿ ಕೋಡ್ ಒಂದು, ಜನಗಣತಿಯವರದ್ದು ಒಂದು, ಪಂಚಾಯತ್‌ರಾಜ್ ಸಚಿವಾಲಯದ್ದು ಇನ್ನೊಂದು. ಒಂದಕ್ಕೊಂದು ಹೊಂದಿಸೋ ಪಟ್ಟಿ ಹುಡುಕೋದರಲ್ಲೇ ಆಯುಷ್ಯ ಮುಗಿಯುತ್ತೆ. ಹೆಸರಿನ ಮೇಲೆ ಹೊಂದಿಸೋಣ ಅಂದ್ರೆ ಇಂಗ್ಲಿಷ್ ಕಾಗುಣಿತ ಒಬ್ಬೊಬ್ಬರದ್ದು ಒಂದೊಂದು. ಹಡಗಲಿಗೆ ಒಬ್ಬರು ಒಂದು ‘ಎಲ್’ ಹಾಕಿದರೆ ಇನ್ನೊಬ್ಬರು ಎರಡು ಹಾಕಿ ‘ಹಡಗಲ್ಲಿ’ ಮಾಡ್ತಾರೆ (ಹಡಗಿನಲ್ಲಿ ಹೋಗೋಣವೇ? :-)). ಹರಪನಹಳ್ಳಿಯ ನಡುವಿನ ‘ಎ’ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಕೊಟ್ಟೂರಿನ ಕೊನೆಗೆ ಒಬ್ಬರು ‘ಯು’ ಹಾಕಿದರೆ ಇನ್ನೊಬ್ಬರು ಬಿಡ್ತಾರೆ, ತಮಿಳುನಾಡು ಕೇರಳದಲ್ಲೂ ಕೊಟ್ಟೂರುಗಳಿವೆ. 2014ರ ನವೆಂಬರ್ 1ರಂದು ಬಳ್ಳಾರಿ, ಹೊಸಪೇಟೆಗಳ ಇಂಗ್ಲಿಷ್ ಕಾಗುಣಿತ ಬದಲಾದ ಮೇಲೆ ಕೆಲವು ಪಟ್ಟಿಗಳಲ್ಲಿ ಒಂದೇ ಬಳ್ಳಾರಿ ಎರಡು ಸಲ ಇದೆ. ಕನ್ನಡದಲ್ಲಿ ಬರೆದರೆ ಈ ಗೊಂದಲ ಮುಕ್ಕಾಲು ಪಾಲು ಇರೋದಿಲ್ಲ. ಕೂಡ್ಲಿಗಿ ಅಂದ್ರೆ ಕೂಡ್ಲಿಗಿ. ಆದರೆ ಕನ್ನಡದ ಪಟ್ಟಿ ಸಿಕ್ಕರೆ ಅದು ನುಡಿ ಫಾಂಟಿನ ಪಿಡಿಎಫ್, ನಕಲು ಮಾಡಿ ಅಂಟಿಸಿದರೆ ಬರೋದು ಕಸ. ಯೂನಿಕೋಡ್ ಯೂನಿಕೋಡ್ ಅಂತ ನಾವೆಲ್ಲಾ ಬಡಕೊಂಡು ಎಷ್ಟು ವರ್ಷ ಆಯ್ತು?

ಅದಕ್ಕೇ ಬ್ಲಾಗ್ ಗೆಳೆಯರ ಹತ್ತಿರ ಒಂದು ಮಾತು. ನಾವು ಊರಿನ ಬಗ್ಗೆ ಬರೆಯೋದು ಬಾಲ್ಯ, ಮಳೆ, ಅಜ್ಜಿ, ಮಂಡಕ್ಕಿ ಮೆಣಸಿನಕಾಯಿ. ಬರೆಯೋಣ, ನನಗೂ ಇಷ್ಟ. ಜೊತೆಗೆ ಮುಂದಿನ ಸಲ ಊರಿಗೆ ಹೋದಾಗ ಓಪನ್‌ಸ್ಟ್ರೀಟ್‌ಮ್ಯಾಪ್ ತೆಗೆದು ನಿಮ್ಮ ಊರಿನ ಆಚೆಯ ತಾಂಡಾ, ಹಟ್ಟಿ ಅದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಒಂದು ಚುಕ್ಕೆ ಇಟ್ಟು, ಅಲ್ಲಿಯ ಜನ ಕರೆಯುವ ಹೆಸರನ್ನೇ ಕನ್ನಡದಲ್ಲಿ ಬರೆಯಿರಿ. ಹತ್ತು ನಿಮಿಷದ ಕೆಲಸ. ಅದು ಸರ್ಕಾರದ ಜವಾಬ್ದಾರಿಗೆ ಬದಲಿ ಅಲ್ಲ, ಅವರನ್ನು ಕೇಳೋದು ಬೇರೆ, ಕೇಳಲೇಬೇಕು.

ಕೇಳೋಕೆ ಮಾಹಿತಿ ಹಕ್ಕು ಇದೆ, ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ದಾಟಬಾರದು ಅಂತ ನಿಯಮ ಬೇರೆ ಮಾಡಿಟ್ಟಿದ್ದಾರೆ. ಹಾಗಾಗಿ ಚಿಕ್ಕದಾಗಿ ಬರೆದಿದ್ದೀನಿ. ವಿಜಯನಗರ ಜಿಲ್ಲಾಧಿಕಾರಿ ಕಚೇರಿ, ಹೊಸಪೇಟೆ, ಸಾರ್ವಜನಿಕ ಮಾಹಿತಿ ಅಧಿಕಾರಿಯವರಿಗೆ ಅಂತ ಹಾಕಿ, ನಿಮ್ಮ ತಾಲೂಕಿನ ಹೆಸರು ಬದಲಿಸಿ ಕಳಿಸಬಹುದು:

‘ಕೊಟ್ಟೂರು ತಾಲೂಕಿನಲ್ಲಿ ಕಂದಾಯ ಗ್ರಾಮಗಳೆಂದು ಘೋಷಿಸಲಾದ ಹಾಗೂ ಘೋಷಣೆಗೆ ಗುರುತಿಸಲಾದ ಎಲ್ಲ ತಾಂಡಾ, ಹಟ್ಟಿ ಮತ್ತು ಇತರ ದಾಖಲೆರಹಿತ ಜನವಸತಿಗಳ ಪಟ್ಟಿಯನ್ನು ಈ ಕೆಳಗಿನ ವಿವರಗಳೊಂದಿಗೆ ಒದಗಿಸುವುದು: ಕನ್ನಡದಲ್ಲಿ ಹೆಸರು, ಮೂಲ ಗ್ರಾಮದ ಹೆಸರು ಮತ್ತು ಕೋಡ್, ಮನೆಗಳ ಸಂಖ್ಯೆ, ಅಧಿಸೂಚನೆಯ ದಿನಾಂಕ, ಗಡಿ ನಕ್ಷೆ. ಪಟ್ಟಿಯನ್ನು ಯೂನಿಕೋಡ್ ಕನ್ನಡದಲ್ಲಿ, ಎಕ್ಸೆಲ್ ರೂಪದಲ್ಲಿ, ಸಿ.ಡಿ. ಅಥವಾ ಇ-ಮೇಲ್ ಮೂಲಕ ನೀಡುವುದು.’